ಅಪ್ಪ–ಅಮ್ಮನನ್ನು ಸೇರಿಸುವ ಮುನ್ನ: ಆರೈಕೆ ಕೇಂದ್ರ ಹೇಗಿದೆ ಎಂದು ತಿಳಿಯುವುದು ಹೇಗೆ?

ಸಾಮಾನ್ಯವಾಗಿ ಇದು ಶುರುವಾಗುವುದು ಆಸ್ಪತ್ರೆಯಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಅಮ್ಮನಿಗೆ ಆಪರೇಷನ್ ಆಗಿರುತ್ತದೆ. ಇಲ್ಲವೇ ಲಕ್ವ ಹೊಡೆದ ಅಪ್ಪನ ಒಂದು ಕೈ, ಒಂದು ಕಾಲು ಸ್ವಾಧೀನದಲ್ಲಿರುವುದಿಲ್ಲ. ‘ನಾಡಿದ್ದು ಡಿಸ್ಚಾರ್ಜ್ ಮಾಡ್ತೀವಿ, ಮನೇಲಿ ಯಾರಾದ್ರೂ ಪೂರ್ತಿ ಜೊತೆಗಿದ್ದು ನೋಡ್ಕೋಬೇಕು’ ಎಂದು ಡಾಕ್ಟರು ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಾರೆ. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಫೋನಿನಲ್ಲಿ ಹುಡುಕಿದರೆ ನಾಲ್ಕೈದು ಹೆಸರು ಸಿಗುತ್ತವೆ. ಹತ್ತಿರದ ಒಂದಕ್ಕೆ ಹೋಗುತ್ತೀರಿ. ಮ್ಯಾನೇಜರು ತೋಟ ತೋರಿಸುತ್ತಾರೆ, ಟಿವಿ ಹಾಲ್ ತೋರಿಸುತ್ತಾರೆ, ದೇವರ ಮನೆ, ಹೊಸದಾಗಿ ಬಣ್ಣ ಹೊಡೆದ ಖಾಲಿ ಕೋಣೆ ಎಲ್ಲವನ್ನೂ ತೋರಿಸುತ್ತಾರೆ. ನಿಮಗೂ ಸಮಾಧಾನವಾಗುತ್ತದೆ. ಅಡ್ವಾನ್ಸ್ ಕಟ್ಟಿ ಬರುತ್ತೀರಿ.

ಆದರೆ ಅಷ್ಟು ಹೊತ್ತಿನಲ್ಲಿ ನೀವು ಆರೈಕೆಯನ್ನು ಮಾತ್ರ ನೋಡಿರುವುದಿಲ್ಲ.

ಆರೈಕೆಯ ಗುಣಮಟ್ಟ ಅಳೆಯುವುದಕ್ಕೆ ಇವತ್ತಿಗೂ ಬಳಕೆಯಲ್ಲಿರುವ ಒಂದು ಸರಳ ಚೌಕಟ್ಟನ್ನು ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲಿ ಕೊಟ್ಟರು. ಅದರಲ್ಲಿರುವುದು ಮೂರು ಪ್ರಶ್ನೆ. ಅಲ್ಲಿ ಏನೇನಿದೆ? ಅಲ್ಲಿಯವರು ಏನು ಮಾಡುತ್ತಾರೆ? ಅದರಿಂದ ಆರೈಕೆ ಪಡೆಯುವವರಿಗೆ ಏನಾಯಿತು? ಮ್ಯಾನೇಜರು ತೋರಿಸಿದ್ದೆಲ್ಲ ಮೊದಲ ಪ್ರಶ್ನೆಗೆ ಉತ್ತರ. ಉಳಿದೆರಡನ್ನು ನಾವೇ ಹುಡುಕಿಕೊಳ್ಳಬೇಕು. ಅಮೆರಿಕದಲ್ಲಿ ಸರ್ಕಾರವೇ 2008ರಿಂದ ನರ್ಸಿಂಗ್ ಹೋಮ್‌ಗಳಿಗೆ ಒಂದರಿಂದ ಐದು ನಕ್ಷತ್ರ ಕೊಟ್ಟು ಪಟ್ಟಿಯನ್ನು ಜನರ ಮುಂದಿಡುತ್ತದೆ. ನಮ್ಮಲ್ಲಿ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಬೇಕು ಎನ್ನುತ್ತದೆ, ಅದೂ ದಿಕ್ಕಿಲ್ಲದ ಬಡ ಹಿರಿಯರಿಗಾಗಿ. ದುಡ್ಡು ಕೊಟ್ಟು ಸೇರಿಸುವ ಖಾಸಗಿ ಕೇಂದ್ರಗಳಲ್ಲಿ ಯಾವುದು ಚೆನ್ನ, ಯಾವುದು ಚೆನ್ನಲ್ಲ ಎಂದು ತಿಳಿಯಬೇಕಾದರೆ ನಾವೇ ಹೋಗಿ ನೋಡಬೇಕು.

ಎಲ್ಲಿ ನೋಡಬೇಕು? ನನ್ನ ಉತ್ತರ ಒಂದೇ. ಆ ಕೇಂದ್ರದಲ್ಲಿ ಎಲ್ಲರಿಗಿಂತ ಅಸಹಾಯಕರಾಗಿ ಮಲಗಿರುವವರು ಯಾರೋ, ಅವರ ಮಂಚದ ಹತ್ತಿರ ಹೋಗಿ ನೋಡಿ. ಓಡಾಡುವ ಹಿರಿಯರು ನೀರು ಬೇಕಾದರೆ ಕೇಳುತ್ತಾರೆ, ಸಾರು ತಣ್ಣಗಿದ್ದರೆ ಬೈಯುತ್ತಾರೆ, ಸಂಜೆ ಮಗಳಿಗೆ ಫೋನ್ ಮಾಡಿ ಹೇಳುತ್ತಾರೆ. ಮಾತು ನಿಂತವರಿಗೆ, ಮರೆವು ಬಂದವರಿಗೆ ಸಿಗುವುದು ಯಾರೂ ಕೇಳದಿದ್ದರೂ ಅಲ್ಲಿಯವರು ತಾವಾಗಿಯೇ ಮಾಡುವಷ್ಟು ಮಾತ್ರ. ಆ ಕೇಂದ್ರದ ನಿಜವಾದ ಮಟ್ಟ ಅದೇ. ಇವತ್ತು ವಾಕರ್ ಹಿಡಿದು ನಡೆಯುತ್ತಿರುವ ನಿಮ್ಮ ಅಮ್ಮ ಇನ್ನೆರಡು ವರ್ಷಕ್ಕೆ ಅದೇ ವಾರ್ಡಿನಲ್ಲಿರಬಹುದು ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಇನ್ನು ಒಂದೊಂದಾಗಿ ನೋಡೋಣ.

1. ಹೋಗುವ ಮುನ್ನ ನಿಮ್ಮವರ ಅಗತ್ಯ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ತಾವಾಗಿ ಎದ್ದು ಕೂರುತ್ತಾರೆಯೇ? ಬಚ್ಚಲಿಗೆ ಹೋಗಲು ಒಬ್ಬರು ಸಾಕೇ, ಇಬ್ಬರು ಬೇಕೇ? ಊಟ ತಾವೇ ಮಾಡುತ್ತಾರೆಯೇ, ತಿನ್ನಿಸಬೇಕೇ? ನುಂಗುವಾಗ ಕೆಮ್ಮು ಬರುತ್ತದೆಯೇ? ರಾತ್ರಿ ಎಷ್ಟು ಸಲ ಏಳುತ್ತಾರೆ? ಮರೆವು ಎಷ್ಟಿದೆ, ಎದ್ದು ಹೊರಗೆ ಹೊರಟುಬಿಡುತ್ತಾರೆಯೇ? ಮೂಗಿನ ನಳಿಕೆ, ಮೂತ್ರದ ನಳಿಕೆ, ಇನ್ಸುಲಿನ್ ಇವುಗಳಲ್ಲಿ ಏನೇನಿದೆ?

ಇದನ್ನು ಮೊದಲೇ ಬರೆದುಕೊಳ್ಳಿ ಎನ್ನುವುದಕ್ಕೆ ಕಾರಣವಿದೆ. ಎಷ್ಟೋ ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಹಿರಿಯರಿಗಾಗಿಯೇ ಇರುವಂಥವು. ಊಟ, ವಸತಿ, ಜೊತೆ ಅಲ್ಲಿ ಚೆನ್ನಾಗಿ ಸಿಗುತ್ತದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಏರ್ಪಾಡು ಅಲ್ಲಿರುವುದಿಲ್ಲ, ಹಾಗಂತ ಅದು ಕೆಟ್ಟ ಜಾಗ ಆಗುವುದಿಲ್ಲ. ಆದರೆ ನೇರವಾಗಿ ಕೇಳಿಬಿಡಿ: ‘ಮುಂದೆ ಇವರು ಹಾಸಿಗೆ ಹಿಡಿದರೆ ಇಟ್ಕೋತೀರಾ, ಇಲ್ಲ ಕರ್ಕೊಂಡು ಹೋಗಿ ಅಂತೀರಾ?’ ಉತ್ತರ ಏನೇ ಇರಲಿ, ಈಗಲೇ ಗೊತ್ತಿರುವುದು ಒಳ್ಳೆಯದು.

2. ಒಂದೇ ಸಲ ಹೋಗಿ ತೀರ್ಮಾನ ಮಾಡಬೇಡಿ

ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಸ್ನಾನ ಆಗಿರುತ್ತದೆ, ನೆಲ ಒರೆಸಿರುತ್ತಾರೆ, ಮ್ಯಾನೇಜರು, ನರ್ಸು ಇಬ್ಬರೂ ಇರುತ್ತಾರೆ. ಮೊದಲ ಸಲ ಹೇಳಿಯೇ ಹೋಗಿ. ಎರಡನೇ ಸಲ ಮಧ್ಯಾಹ್ನದ ಊಟದ ಹೊತ್ತಿಗೆ, ಮೂರನೇ ಸಲ ಭಾನುವಾರ ಅಥವಾ ಸಂಜೆ ಏಳರ ಮೇಲೆ ಹೋಗಿ. ಸಂಜೆಗೆ ಪಾಳಿ ಬದಲಾಗುತ್ತದೆ, ಕೈ ಕಡಿಮೆಯಾಗುತ್ತದೆ, ಮರೆವಿನ ಕಾಯಿಲೆಯವರಿಗೆ ಗಾಬರಿ, ಚಡಪಡಿಕೆ ಹೆಚ್ಚಾಗುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ. ಕೆಲಸ ಜಾಸ್ತಿ, ಜನ ಕಡಿಮೆ ಇರುವ ಆ ಒಂದು ಗಂಟೆಯಲ್ಲಿ ಕಾಣುವುದು ಹಗಲೆಲ್ಲ ಕೂತರೂ ಕಾಣುವುದಿಲ್ಲ.

ಹೇಳದೆ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆಯೇ? ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ‘ಹತ್ತು ನಿಮಿಷ ಕೂತ್ಕೊಳ್ಳಿ’ ಅಂದರೆ ಅದು ಒಳ್ಳೆಯ ಲಕ್ಷಣ, ಹಿರಿಯರ ಮಾನ ಕಾಯುತ್ತಿದ್ದಾರೆ ಎಂದು ಅರ್ಥ. ಯಾವ ಹೊತ್ತಿಗೆ ಹೋದರೂ ವಾರ್ಡಿನೊಳಗೆ ಬಿಡುವುದಿಲ್ಲ ಎಂದರೆ ಮಾತ್ರ ಅಲ್ಲಿಗೆ ಬಿಟ್ಟುಬಿಡಿ.

3. ಊಟದ ಹೊತ್ತಿನಲ್ಲಿ ಸುಮ್ಮನೆ ಕೂತು ನೋಡಿ

ಇದಕ್ಕೆ ಅರ್ಧ ಗಂಟೆ ಕೊಡಿ. ತಾವೇ ತಿನ್ನಲಾಗದ ಒಬ್ಬ ಅಜ್ಜಿಯನ್ನು ಗಮನಿಸಿ. ಅವರನ್ನು ನೆಟ್ಟಗೆ ಕೂರಿಸಿದ್ದಾರೆಯೇ, ಮಲಗಿದಂತೆಯೇ ಬಾಯಿಗೆ ಹಾಕುತ್ತಿದ್ದಾರೆಯೇ? ತಿನ್ನಿಸುವವರು ಸ್ಟೂಲ್ ಎಳೆದುಕೊಂಡು ಅವರ ಮುಖದ ಮಟ್ಟಕ್ಕೆ ಕೂತಿದ್ದಾರೆಯೇ, ನಿಂತುಕೊಂಡೇ ಮೇಲಿಂದ ಚಮಚ ಇಳಿಸುತ್ತಿದ್ದಾರೆಯೇ? ಮೇಲಿಂದ ಬರುವ ಚಮಚಕ್ಕೆ ಮುಖವೆತ್ತಿ ಬಾಯಿ ತೆರೆದರೆ ಕತ್ತು ಹಿಂದಕ್ಕೆ ಬಾಗುತ್ತದೆ, ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ಒಂದಗುಳು ಅಡ್ಡದಾರಿ ಹಿಡಿದು ಶ್ವಾಸಕೋಶಕ್ಕೆ ಇಳಿದರೆ ಸಾಕು, ಹಿರಿಯರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗಬಹುದು. ಹಾಗಾಗಿಯೇ ಕೂತು, ಗದ್ದ ಸ್ವಲ್ಪ ತಗ್ಗಿಸಿ, ಚಿಕ್ಕ ಚಿಕ್ಕ ತುತ್ತು ಕೊಡಬೇಕು. ಊಟವಾದ ಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವವರಿಗೂ ಮಂಚದ ತಲೆಭಾಗ ಎತ್ತಿರಲೇಬೇಕು.

ಇನ್ನೊಂದು, ತುತ್ತಿಗೂ ತುತ್ತಿಗೂ ನಡುವೆ ಏನಾಗುತ್ತದೆ ನೋಡಿ. ‘ನುಂಗಿದ್ರಾ ಅಜ್ಜಿ? ನಿಧಾನ, ನಿಧಾನ’ ಎಂದು ಕಾಯುವವರಿದ್ದಾರೆ. ಬಾಯಲ್ಲಿರುವುದು ಇಳಿಯುವ ಮೊದಲೇ ಮುಂದಿನ ಚಮಚ ತಂದು ತುಟಿಗೆ ಒತ್ತುವವರೂ ಇದ್ದಾರೆ. ಒಬ್ಬರೇ ಎಂಟು ಜನಕ್ಕೆ ತಿನ್ನಿಸಬೇಕಿದ್ದರೆ ಎಷ್ಟೇ ಒಳ್ಳೆಯ ಮನಸ್ಸಿನ ಆಯಾ ಆದರೂ ಅವಸರ ಮಾಡಲೇಬೇಕಾಗುತ್ತದೆ. ತಪ್ಪು ಆಕೆಯದಲ್ಲ, ಎಂಟು ಜನರನ್ನು ಆಕೆಯ ಕೈಗೆ ಬಿಟ್ಟವರದು.

ಊಟ ಮುಗಿದ ಮೇಲೆ ತಟ್ಟೆಗಳ ಕಡೆ ಕಣ್ಣು ಹಾಯಿಸಿ. ಅರ್ಧಕ್ಕರ್ಧ ಅನ್ನ ಹಾಗೇ ಉಳಿದ ತಟ್ಟೆ ವಾಪಸ್ ಹೋಗುವಾಗ ಯಾರಾದರೂ ‘ತಾತ ಇವತ್ತು ಯಾಕೆ ತಿನ್ನಲಿಲ್ಲ’ ಎಂದು ಕೇಳುತ್ತಾರೆಯೇ? ಹಲ್ಲಿಲ್ಲದವರಿಗೆ ಚಪಾತಿಯನ್ನೇ ಇಟ್ಟಿದ್ದಾರೆಯೇ, ಮೆತ್ತಗಿನ ಅನ್ನ, ತಿಳಿಸಾರು, ರಾಗಿ ಗಂಜಿ ಬೇರೆ ಮಾಡುತ್ತಾರೆಯೇ? ಮಂಚದ ಪಕ್ಕದ ನೀರಿನ ಲೋಟ ಕೈಗೆಟುಕುವಂತಿದೆಯೇ? ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಂದುತ್ತದೆ. ಆದ್ದರಿಂದ ‘ಕೇಳಿದರೆ ನೀರು ಕೊಡ್ತೀವಿ’ ಎನ್ನುವ ಉತ್ತರ ಸಾಲದು. ಕೇಳದಿದ್ದರೂ ಹೊತ್ತು ಹೊತ್ತಿಗೆ ಕುಡಿಸಬೇಕು.

4. ಹಾಸಿಗೆ, ಚರ್ಮ, ಹಿಮ್ಮಡಿ

ಆರೈಕೆಯ ವಿಷಯದಲ್ಲಿ ಬಾಯಿ ಸುಳ್ಳು ಹೇಳಬಹುದು, ಚರ್ಮ ಹೇಳುವುದಿಲ್ಲ. ಅಲುಗಾಡದೆ ಮಲಗಿದವರ ಮೈಭಾರವೆಲ್ಲ ಮೂಳೆ ಉಬ್ಬಿರುವ ಕಡೆ ಬೀಳುತ್ತದೆ: ಬೆನ್ನಿನ ಕೆಳಗೆ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ. ಅಲ್ಲಿ ರಕ್ತ ಓಡಾಟ ನಿಂತು ಕೆಲವೇ ಗಂಟೆಗಳಲ್ಲಿ ಚರ್ಮ ಸಾಯಲು ತೊಡಗುತ್ತದೆ. ಬೆಡ್‌ಸೋರ್ ಎನ್ನುವುದು ಅದನ್ನೇ. ಮೊದಲ ಹಂತದಲ್ಲಿ ಬರೀ ಕೆಂಪು. ನಾಲ್ಕನೇ ಹಂತಕ್ಕೆ ಮೂಳೆ ಕಾಣುವಷ್ಟು ಆಳದ ಗಾಯ. ತಡೆಯುವ ದಾರಿ ಮಾತ್ರ ಸರಳ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಚರ್ಮ ಒದ್ದೆಯಾಗಿರಲು ಬಿಡಬಾರದು, ಊಟದಲ್ಲಿ ಪ್ರೋಟೀನ್ ಚೆನ್ನಾಗಿರಬೇಕು.

ಕೇಂದ್ರದವರನ್ನು ಕೇಳಿ: ‘ಈಗ ಬೆಡ್‌ಸೋರ್ ಇರೋರು ಎಷ್ಟು ಜನ ಇದ್ದಾರೆ? ಇಲ್ಲಿಗೆ ಬರುವಾಗಲೇ ಇತ್ತಾ, ಇಲ್ಲಿ ಆಯ್ತಾ?’ ಆಸ್ಪತ್ರೆಯಿಂದ ಗಾಯದ ಜೊತೆಗೇ ಬಂದವರು ಇದ್ದೇ ಇರುತ್ತಾರೆ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಗಾಯ ಬಂದಾಗ ಎಷ್ಟಿತ್ತು, ಈಗ ಎಷ್ಟಿದೆ ಎಂದು ಅಳತೆ ಬರೆದಿಟ್ಟಿದ್ದರೆ ಅದು ಒಳ್ಳೆಯ ಜಾಗ. ‘ನಮ್ಮಲ್ಲಿ ಯಾರಿಗೂ ಅಂಥದ್ದೇ ಬರಲ್ಲ’ ಎಂದು ಕೈ ಆಡಿಸಿಬಿಟ್ಟರೆ ಇನ್ನೊಂದೆರಡು ಪ್ರಶ್ನೆ ಕೇಳಿ.

ಮಗ್ಗುಲು ಬದಲಿಸಿದ್ದನ್ನು ಬರೆಯುವ ಹಾಳೆ ಮಂಚದ ಕಾಲಿನ ಕಡೆ ನೇತು ಹಾಕಿರುತ್ತಾರೆ. ಅದನ್ನು ಓದಿ. ಹಗಲು ಎರಡು ಗಂಟೆಗೆ ಹೋದಾಗ ಅದರಲ್ಲಿ ಸಂಜೆ ಆರರವರೆಗೂ ಟಿಕ್ ಬಿದ್ದಿದ್ದರೆ, ಎಲ್ಲವೂ ಒಂದೇ ಪೆನ್ನಿನಲ್ಲಿ, ಒಂದೇ ಓಟದ ಕೈಯಲ್ಲಿದ್ದರೆ, ಅದನ್ನು ಬೆಳಗ್ಗೆಯೇ ಕೂತು ತುಂಬಿದ್ದಾರೆ ಎಂದು ಅರ್ಥ. ಹಾಳೆಯೇ ಇಲ್ಲದ ಜಾಗಕ್ಕಿಂತ ಇದು ಹೆಚ್ಚು ಅಪಾಯ. ಏರ್ ಬೆಡ್ ಇದ್ದರೆ ಪಂಪ್ ಓಡುತ್ತಿದೆಯೇ, ಹಾಸಿಗೆ ಗಟ್ಟಿಯಾಗಿ ತುಂಬಿದೆಯೇ ಎಂದು ಕೈಯಿಟ್ಟು ನೋಡಿ. ಏರ್ ಬೆಡ್ ಹಾಕಿದ ಮಾತ್ರಕ್ಕೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ನಿಮ್ಮವರನ್ನು ಸೇರಿಸಿದ ಮೇಲೆ ಪ್ರತಿ ಭೇಟಿಯಲ್ಲೂ ಮೊದಲು ಸಾಕ್ಸ್ ತೆಗೆದು ಹಿಮ್ಮಡಿ ನೋಡಿ. ಕೆಂಪಾಗಿದ್ದ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡುತ್ತಿದೆ. ಒತ್ತಿದರೂ ಕೆಂಪು ಹೋಗದಿದ್ದರೆ ಒಳಗೆ ಪೆಟ್ಟಾಗಿದೆ, ಅವತ್ತೇ ನರ್ಸಿಗೆ ತೋರಿಸಿ. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಚೆನ್ನಾಗಿ ಕಾಣುವುದಿಲ್ಲ. ಅಲ್ಲಿ ಅಕ್ಕಪಕ್ಕಕ್ಕಿಂತ ಬಿಸಿ, ಗಟ್ಟಿ ಅಥವಾ ಕಪ್ಪು ಅನ್ನಿಸುತ್ತದೆಯೇ ಎಂದು ಮುಟ್ಟಿ ನೋಡಬೇಕು.

5. ಬಚ್ಚಲು, ವಾಸನೆ, ಡೈಪರ್

ಒಂದು ಮಂಚದ ಹತ್ತಿರ ಮಾತ್ರ ವಾಸನೆ ಬಂದರೆ ಏನೋ ಈಗ ತಾನೇ ಆಗಿದೆ, ಬದಲಿಸುತ್ತಾರೆ. ಇಡೀ ಮನೆಯಲ್ಲಿ, ಪರದೆ, ಹಾಸಿಗೆಗಳಲ್ಲೆಲ್ಲ ಮೂತ್ರದ ವಾಸನೆ ಇಳಿದಿದ್ದರೆ ಅದು ತಿಂಗಳುಗಳ ಕಥೆ. ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುವಂತಿದ್ದರೂ ಸ್ವಲ್ಪ ಹೊತ್ತು ಅಲ್ಲೇ ಇರಿ.

ದಿನಕ್ಕೆ ಎಷ್ಟು ಡೈಪರ್ ಬದಲಿಸುತ್ತೀರಿ ಎಂದು ಕೇಳಿ. ‘ಬೆಳಗ್ಗೆ ಒಂದು, ರಾತ್ರಿ ಒಂದು’ ಎಂದು ಲೆಕ್ಕ ಕಟ್ಟಿಟ್ಟರೆ, ನಡುವೆ ಗಂಟೆಗಟ್ಟಲೆ ಒದ್ದೆಯಲ್ಲೇ ಮಲಗಿಸುತ್ತಾರೆ ಎಂದಾಯಿತು. ಎದ್ದು ಹೋಗಬಲ್ಲವರಿಗೂ ಕೆಲಸ ಕಡಿಮೆಯಾಗಲಿ ಎಂದು ಡೈಪರ್ ಹಾಕಿಬಿಡುವ ಕಡೆಗಳಿವೆ. ಇದರಿಂದ ಹಿರಿಯರ ಅಭಿಮಾನಕ್ಕೆ ಆಗುವ ಪೆಟ್ಟು ಸಣ್ಣದಲ್ಲ. ನಡೆಯುವ ರೂಢಿಯೂ ತಪ್ಪಿ ಬೇಗ ಹಾಸಿಗೆ ಹಿಡಿಯುತ್ತಾರೆ. ಮೂತ್ರದ ನಳಿಕೆ ಹಾಕಿರುವವರ ಬ್ಯಾಗು ಸೊಂಟಕ್ಕಿಂತ ಕೆಳಗೆ ತೂಗಿರಬೇಕು, ನೆಲಕ್ಕೆ ತಾಗಿರಬಾರದು. ಹಾಸಿಗೆಯ ಮೇಲೆಯೇ ಬ್ಯಾಗು ಬಿದ್ದಿದ್ದರೆ ಮೂತ್ರ ಹಿಂದಕ್ಕೆ ಹೋಗಿ ಸೋಂಕಾಗುತ್ತದೆ.

ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇದೆಯೇ, ನೆಲ ಒಣಗಿದೆಯೇ, ಕಮೋಡ್ ಇದೆಯೇ, ಒಳಗಿನಿಂದ ಕರೆಯಲು ಬೆಲ್ ಇದೆಯೇ ಎಂದು ನೋಡಿ. ಬೆಲ್ ಒತ್ತಿಯೇ ನೋಡಿ. ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ ಎನ್ನುವುದು ಗೊತ್ತಾಗುತ್ತದೆ.

6. ನೋಡಿಕೊಳ್ಳುವವರು ಯಾರು?

‘ಒಟ್ಟು ಎಷ್ಟು ಸಿಬ್ಬಂದಿ ಇದ್ದಾರೆ’ ಎಂದು ಕೇಳಿದರೆ ಅಡುಗೆಯವರು, ಡ್ರೈವರು, ಸೆಕ್ಯುರಿಟಿಯನ್ನೂ ಸೇರಿಸಿ ಹೇಳುತ್ತಾರೆ. ಹೀಗೆ ಕೇಳಿ: ‘ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಈ ಮಹಡಿಯಲ್ಲಿ ಎಚ್ಚರವಾಗಿ ಇರೋರು ಎಷ್ಟು ಜನ? ಈ ಮಹಡಿಯಲ್ಲಿ ಮಲಗಿರೋ ಹಿರಿಯರು ಎಷ್ಟು ಜನ?’ ಅವರಲ್ಲಿ ತರಬೇತಾದ ನರ್ಸ್ ಇದ್ದಾರೆಯೇ, ಬರೀ ಆಯಾಗಳೇ? ಹಗಲು ದುಡಿದವರೇ ರಾತ್ರಿಯೂ ಇರುತ್ತಾರೆಯೇ?

ಆಯಾಗಳ ಹತ್ತಿರ ಮಾತಾಡಿ. ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿ. ಮೂರು ನಾಲ್ಕು ವರ್ಷದಿಂದ ಇರುವವರು ಕೆಲವರಾದರೂ ಇದ್ದರೆ ಅಲ್ಲಿ ಕೂಲಿಯೂ ಮರ್ಯಾದೆಯೂ ತಕ್ಕಮಟ್ಟಿಗೆ ಇದೆ ಎಂದುಕೊಳ್ಳಬಹುದು. ಎಲ್ಲರೂ ಹೊಸಬರಾದರೆ ಯಾರ ಅಭ್ಯಾಸ ಏನು, ಯಾರು ನುಂಗುವಾಗ ಕೆಮ್ಮುತ್ತಾರೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಹಾಸಿಗೆ ಹಿಡಿದ ಒಬ್ಬರನ್ನು ತೋರಿಸಿ ‘ಇವರಿಗೆ ಏನಿಷ್ಟ?’ ಎಂದು ಕೇಳಿ. ‘ಈ ಅಜ್ಜಿಗೆ ಬೆಳಗ್ಗೆ ಬಿಸಿ ಕಾಫಿ ಆಗ್ಲೇಬೇಕು, ಇಲ್ದಿದ್ರೆ ಬಾಯೇ ಬಿಡಲ್ಲ’ ಎನ್ನುವ ಉತ್ತರ ಬಂದರೆ ಒಳ್ಳೆಯ ಕೈಯಲ್ಲಿದ್ದಾರೆ.

ಭಾಷೆಯ ವಿಚಾರ ಮರೆಯಬೇಡಿ. ಬೆಂಗಳೂರಿನ ಕೇಂದ್ರಗಳಲ್ಲಿ ಆರೈಕೆ ಮಾಡುವವರಲ್ಲಿ ಅನೇಕರು ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದವರು. ಅಕ್ಕರೆಯಿಂದ ನೋಡಿಕೊಳ್ಳುವವರು ಅವರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಮರೆವಿನ ಕಾಯಿಲೆ ಮುಂದುವರಿದಂತೆ ನಡುವೆ ಕಲಿತ ಇಂಗ್ಲಿಷು, ಹಿಂದಿ ಜಾರಿ, ತಾಯಿನುಡಿಯೊಂದೇ ಉಳಿಯುವುದು ಸಾಮಾನ್ಯ. ಹೊಟ್ಟೆ ನೋವು ಎಂದು ಹೇಳಿದರೂ ಅರ್ಥವಾಗುವವರಿಲ್ಲದಿದ್ದರೆ ಅಮ್ಮ ಕೂಗುತ್ತಾರೆ, ಕೂಗಿದ್ದಕ್ಕೆ ‘ಗಲಾಟೆ ಜಾಸ್ತಿ’ ಎಂದು ಬರೆಯುತ್ತಾರೆ. ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲವರು ಒಬ್ಬರಾದರೂ ಇದ್ದಾರೆಯೇ ಎಂದು ಕೇಳಿ. ಉತ್ತರ ಕರ್ನಾಟಕದಿಂದಲೋ ಕರಾವಳಿಯಿಂದಲೋ ಬಂದ ಹಿರಿಯರಾದರೆ, ಅವರು ಬಳಸುವ ಹತ್ತಿಪ್ಪತ್ತು ಮಾತುಗಳನ್ನು (ನೀರಡಿಕೆ, ಬಚ್ಚಲು, ಚಳಿ, ನೋವು ಇಂಥವನ್ನು) ಬರೆದು ಮಂಚದ ಹತ್ತಿರ ಅಂಟಿಸಿ.

7. ಮಾತ್ರೆ ಮತ್ತು ಮಂಪರು

ಒಬ್ಬೊಬ್ಬರ ಹೆಸರಿನಲ್ಲೂ ಮಾತ್ರೆಯ ಚಾರ್ಟ್ ಇರಬೇಕು. ಯಾವ ಮಾತ್ರೆ, ಎಷ್ಟು ಗಂಟೆಗೆ, ಕೊಟ್ಟವರ ಸಹಿ ಎಲ್ಲ ಅದರಲ್ಲಿರಬೇಕು. ಸಕ್ಕರೆ ಕಾಯಿಲೆಯವರಿಗೆ ಶುಗರ್ ನೋಡಿದ ಮೇಲೆಯೇ ಇನ್ಸುಲಿನ್ ಕೊಡುತ್ತಾರೆಯೇ, ಇನ್ಸುಲಿನ್ ಕೊಟ್ಟ ಮೇಲೆ ಊಟ ಮಾಡದಿದ್ದರೆ ಏನು ಮಾಡುತ್ತಾರೆ ಎಂದು ಕೇಳಿ. ಊಟವಿಲ್ಲದೆ ಇನ್ಸುಲಿನ್ ಒಂದೇ ಹೋದರೆ ಶುಗರ್ ಇಳಿದು ಪ್ರಾಣಕ್ಕೇ ಕುತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಹೋದಾಗ ಎಲ್ಲರೂ ನಿದ್ದೆಯಲ್ಲಿದ್ದಾರೆಯೇ? ಕೂತಲ್ಲೇ ತಲೆ ವಾಲಿಸಿ, ಜೊಲ್ಲು ಸುರಿಸುತ್ತ ಇದ್ದಾರೆಯೇ? ‘ರಾತ್ರಿ ತುಂಬ ಗಲಾಟೆ ಮಾಡ್ತಾರೆ, ಅದಕ್ಕೆ ಒಂದು ಮಾತ್ರೆ ಕೊಡ್ತೀವಿ’ ಎನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮರೆವಿನ ಕಾಯಿಲೆಯ ಹಿರಿಯರಿಗೆ ಮನೋರೋಗದ ಕೆಲವು ಮಾತ್ರೆ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಹೊರಡಿಸಿದೆ. ಅಂಥ ಮಾತ್ರೆ ಬೇಕೇ ಬೇಕಾಗುವ ಸಂದರ್ಭಗಳಿವೆ. ಆದರೆ ಅದನ್ನು ಬರೆದ ವೈದ್ಯರು ಯಾರು, ಯಾಕೆ, ಎಷ್ಟು ದಿನಕ್ಕೆ, ನಿಮಗೆ ಹೇಳಿ ಶುರು ಮಾಡುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಬೇಕು. ಕೈಕಾಲು ಕಟ್ಟುವ ವಿಷಯದಲ್ಲೂ ಇದೇ ಮಾತು. ಮಣಿಕಟ್ಟಿನ ಸುತ್ತ ಗೆರೆ ಮೂಡಿರುವ ಕೈ ಕಂಡರೆ ಕಾರಣ ಕೇಳದೆ ಬರಬೇಡಿ.

ಎಚ್ಚರಿಕೆ: ನಿನ್ನೆವರೆಗೂ ಚೆನ್ನಾಗಿದ್ದ ಹಿರಿಯರು ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡತೊಡಗಿದರೆ, ಅಥವಾ ಮಂಕಾದರೆ, ‘ವಯಸ್ಸಾಯ್ತು’ ಎಂದು ಬಿಡುವಂತಿಲ್ಲ. ಮೂತ್ರದ ಸೋಂಕು, ನೀರಿನಂಶ ಕಡಿಮೆಯಾಗುವುದು, ಮಲಬದ್ಧತೆ, ಹೊಸ ಮಾತ್ರೆ ಇವುಗಳಲ್ಲಿ ಯಾವುದರಿಂದಲಾದರೂ ಹೀಗಾಗುತ್ತದೆ. ಅವತ್ತೇ ವೈದ್ಯರು ನೋಡಬೇಕು.

8. ರಾತ್ರಿ ಎರಡಕ್ಕೆ ಉಸಿರು ಕಟ್ಟಿದರೆ?

ಈ ಪ್ರಶ್ನೆಯನ್ನು ಇದೇ ಮಾತಲ್ಲಿ ಕೇಳಿ. ಯಾರು ನೋಡುತ್ತಾರೆ, ಆಕ್ಸಿಜನ್ ಸಿಲಿಂಡರ್ ಎಲ್ಲಿದೆ, ತುಂಬಿದೆಯೇ, ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಜೊತೆಗೆ ಯಾರು ಹೋಗುತ್ತಾರೆ, ನೀವು ಬರುವವರೆಗೆ ಆಸ್ಪತ್ರೆಗೆ ಸೇರಿಸಲು ಸಹಿ ಮಾಡುವವರು ಯಾರು? ‘ನಿಮಗೆ ಫೋನ್ ಮಾಡ್ತೀವಿ’ ಎನ್ನುವುದಷ್ಟೇ ಉತ್ತರವಾದರೆ ಏರ್ಪಾಡು ಇಲ್ಲ ಎಂದರ್ಥ. ಡಾಕ್ಟರು ವಾರಕ್ಕೆ ಎಷ್ಟು ಸಲ ಬರುತ್ತಾರೆ ಎಂದು ಕೇಳಿ, ಅವರು ಬರೆದ ಹಿಂದಿನ ತಿಂಗಳ ಟಿಪ್ಪಣಿ ತೋರಿಸಿ ಎನ್ನಿ. ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ತಾರೀಕು, ಮೇಲಿನ ಮಹಡಿಯಿಂದ ಗಾಲಿಕುರ್ಚಿ ಇಳಿಸುವ ದಾರಿ ಇವನ್ನೂ ನೋಡಿಕೊಳ್ಳಿ.

9. ಕಾಗದ ಪತ್ರ, ದುಡ್ಡು

ನಮ್ಮಲ್ಲಿ ‘ನರ್ಸಿಂಗ್ ಹೋಮ್’ ಬೋರ್ಡು ಹಾಕಿರುವುದು ಬಹುಪಾಲು ಸಣ್ಣ ಆಸ್ಪತ್ರೆಗಳು. ಅವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ಅಡಿ ನೋಂದಣಿಯಾಗಿರಬೇಕು. ನೀವು ನೋಡುತ್ತಿರುವ ಕೇಂದ್ರ ನಳಿಕೆ, ಇಂಜೆಕ್ಷನ್, ಗಾಯದ ಡ್ರೆಸಿಂಗ್ ಎಲ್ಲ ಮಾಡುತ್ತೇವೆ ಎನ್ನುತ್ತಿದ್ದರೆ ‘ಯಾವ ನೋಂದಣಿ ಇದೆ, ತೋರಿಸಿ’ ಎಂದು ಕೇಳಿ, ನಂಬರು ಬರೆದುಕೊಳ್ಳಿ. ಟ್ರಸ್ಟ್ ಎಂದರೆ ಟ್ರಸ್ಟಿನ ನೋಂದಣಿ ಪತ್ರ ನೋಡಿ.

ತಿಂಗಳ ಹಣದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಡೈಪರ್, ಔಷಧಿ, ಫಿಸಿಯೋಥೆರಪಿ, ಡಾಕ್ಟರ ಭೇಟಿ, ಬಟ್ಟೆ ಒಗೆಯುವುದು, ಆಸ್ಪತ್ರೆಯಲ್ಲಿದ್ದ ದಿನಗಳ ಬಾಡಿಗೆ ಎಲ್ಲ ಬೇರೆಯೇ? ಡಿಪಾಸಿಟ್ ಯಾವಾಗ ವಾಪಸ್, ಎಷ್ಟು ಹಿಡಿದುಕೊಳ್ಳುತ್ತಾರೆ? ತಿಂಗಳ ನಡುವೆ ತೀರಿಕೊಂಡರೆ? ಕೇಳಲು ಸಂಕಟವಾಗುತ್ತದೆ, ಆದರೂ ಇದನ್ನು ಸೇರಿಸುವ ಮೊದಲೇ ಕೇಳಬೇಕು.

ಎಚ್ಚರಿಕೆ: ಜೀವನಪರ್ಯಂತ ನೋಡಿಕೊಳ್ಳುತ್ತೇವೆ ಎಂದು ಹೇಳಿ ಸೈಟನ್ನೋ ಮನೆಯನ್ನೋ ಬರೆಸಿಕೊಳ್ಳಲು ಬಂದರೆ ವಕೀಲರನ್ನು ಕಾಣದೆ ಸಹಿ ಬೇಡ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ವಾಪಸ್ ಕೇಳಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸಿಬಿಟ್ಟರೆ ಮುಂದೆ ಕೈ ಬಲವಾಗಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ನಾಲ್ಕು ಜನರಿಗೆ ಗೊತ್ತಾಗಬಾರದು ಎಂಬ ಸಂಕೋಚವೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ‘ಅಪ್ಪನ್ನ ಆಶ್ರಮಕ್ಕೆ ಹಾಕಿದ್ರಂತೆ’ ಎಂಬ ಮಾತಿಗೆ ಹೆದರಿ ಯಾರನ್ನೂ ವಿಚಾರಿಸದೆ, ಗುಟ್ಟಾಗಿ, ಅವಸರದಲ್ಲಿ ಸೇರಿಸುತ್ತೇವೆ. ಆಮೇಲೆ ಅದೇ ಸಂಕೋಚಕ್ಕೆ ಭೇಟಿಯೂ ಕಡಿಮೆಯಾಗುತ್ತದೆ. ಮನೆಯಲ್ಲಿ ಸಾಧ್ಯವಾಗದ ಆರೈಕೆಯನ್ನು ಬಲ್ಲವರ ಕೈಗೆ ಒಪ್ಪಿಸುವುದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಅಲ್ಲಿ ಈಗ ಇರುವವರ ಮಕ್ಕಳನ್ನು, ಅದರಲ್ಲೂ ಅಲ್ಲಿಂದ ಬಿಡಿಸಿಕೊಂಡು ಹೋದವರನ್ನು ಹುಡುಕಿ ಮಾತಾಡಿಸಿ.

ಎರಡನೆಯದು, ಹಿರಿಯರನ್ನು ಕೇಳದೆಯೇ ನಿರ್ಧರಿಸುವುದು. ‘ಎರಡು ದಿನ ಚೆಕಪ್‌ಗೆ’ ಎಂದು ಸುಳ್ಳು ಹೇಳಿ ಬಿಟ್ಟು ಬಂದರೆ ಆ ನಂಬಿಕೆ ಮತ್ತೆ ಕೂಡಿಕೊಳ್ಳುವುದಿಲ್ಲ. ಅರಿವು ಚೆನ್ನಾಗಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಸಾಧ್ಯವಾದರೆ ಒಂದು ವಾರ ಇದ್ದು ನೋಡಲಿ.

ಇಂಟರ್‌ನೆಟ್ಟಿನ ಹೊಗಳಿಕೆ ನೋಡಿಯೇ ಸೇರಿಸುವುದು, ದುಬಾರಿಯಾದದ್ದೆಲ್ಲ ಒಳ್ಳೆಯದು ಅಂದುಕೊಳ್ಳುವುದು, ಊರಾಚೆ ದೊಡ್ಡ ಜಾಗ ಎಂದು ವಾರಕ್ಕೊಮ್ಮೆಯೂ ಹೋಗಲಾಗದಷ್ಟು ದೂರ ಸೇರಿಸುವುದು, ಇವೂ ತಪ್ಪೇ. ಸಾಧಾರಣ ಕಟ್ಟಡವಾದರೂ ಮನೆಯ ಹತ್ತಿರವಿದ್ದು, ನೀವು ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಬರುವಂತಿದ್ದರೆ ನಾನು ಅದನ್ನೇ ಆರಿಸುತ್ತೇನೆ.

ಸೇರಿಸಿದ ಮೇಲೆ

ಮೊದಲ ದಿನವೇ ತೂಕ ನೋಡಿಸಿ ಬರೆದಿಡಿ, ಮೈಮೇಲಿನ ಗಾಯ, ಕಲೆಗಳನ್ನು ನರ್ಸಿನ ಎದುರೇ ನೋಡಿ ಬರೆಸಿ. ಆಮೇಲೆ ತಿಂಗಳಿಗೊಮ್ಮೆ ತೂಕ. ಪ್ರಯತ್ನಪಡದೆ ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು, ಆರು ತಿಂಗಳಲ್ಲಿ ಹತ್ತರಷ್ಟು ತೂಕ ಇಳಿದರೆ ವೈದ್ಯರಿಗೆ ತೋರಿಸಬೇಕಾದ ಸಂಗತಿ. 60 ಕೆಜಿ ಇದ್ದವರು ತಿಂಗಳಲ್ಲಿ 57ಕ್ಕೆ ಬಂದರು ಎಂದರೆ ಅದು ಹವೆಯ ಬದಲಾವಣೆಯಲ್ಲ. ಉಗುರು, ಬಾಯಿ, ಕಿವಿಯ ಹಿಂದೆ ನೋಡಿ. ಕನ್ನಡಕ, ಹಲ್ಲಿನ ಸೆಟ್, ಕಿವಿಯ ಯಂತ್ರ ಅವರ ಮೈಮೇಲಿವೆಯೇ, ಬೀರುವಿನಲ್ಲಿವೆಯೇ? ಕನ್ನಡಕವಿಲ್ಲದೆ ಕೂತವರು ಎಡವುತ್ತಾರೆ, ಕಿವಿಯ ಯಂತ್ರವಿಲ್ಲದವರನ್ನು ‘ಮರೆವು ಬಂದಿದೆ’ ಎಂದುಬಿಡುತ್ತಾರೆ.

ಅಮೆರಿಕ, ದುಬೈಗಳಲ್ಲಿರುವ ಮಕ್ಕಳು ವಿಡಿಯೋ ಕಾಲ್ ಮಾಡಿದಾಗ ಕ್ಯಾಮೆರಾ ಬರೀ ಮುಖದ ಮೇಲಿರುತ್ತದೆ. ಬಾಚಿದ ತಲೆ, ತೊಳೆದ ಮುಖ ಮಾತ್ರ ಕಾಣುತ್ತದೆ. ಕಾಲು, ಹಿಮ್ಮಡಿ, ಹಾಸಿಗೆ, ಊಟದ ತಟ್ಟೆ ತೋರಿಸಲು ಹೇಳಿ. ಪ್ರತಿ ಸಲ ಒಂದೇ ಹೊತ್ತಿಗೆ ಕರೆ ಮಾಡಬೇಡಿ. ಊರಲ್ಲಿರುವ ತಮ್ಮನೋ ಅತ್ತಿಗೆಯೋ ಹಳೆಯ ಗೆಳೆಯರೋ ಯಾರಾದರೊಬ್ಬರು ಹೇಳದೆ ಹೋಗಿ ನೋಡುವಂತೆ ಏರ್ಪಾಡು ಮಾಡಿ, ಅವರ ಹೆಸರನ್ನು ಕೇಂದ್ರದ ಫೈಲಿನಲ್ಲಿ ಬರೆಸಿ.

ಏನಾದರೂ ಸರಿಯಿಲ್ಲ ಅನ್ನಿಸಿದರೆ

ಮೊದಲು ಆಯಾಳ ಮೇಲೆ ರೇಗಬೇಡಿ. ನೀವು ಹೋದ ಮೇಲೂ ನಿಮ್ಮವರು ಅವರ ಕೈಯಲ್ಲೇ ಇರುತ್ತಾರೆ. ಕಂಡದ್ದನ್ನು ತಾರೀಕು, ಹೊತ್ತಿನ ಸಮೇತ ಬರೆದುಕೊಳ್ಳಿ, ಗಾಯವಿದ್ದರೆ ನಿಮ್ಮವರದ್ದಷ್ಟೇ ಫೋಟೋ ತೆಗೆದುಕೊಳ್ಳಿ. ನರ್ಸ್ ಇನ್‌ಚಾರ್ಜ್ ಹತ್ತಿರ ಮಾತಾಡಿ, ಎರಡು ಮೂರು ದಿನದಲ್ಲಿ ಸರಿಹೋಗದಿದ್ದರೆ ಮ್ಯಾನೇಜರಿಗೆ ಬರಹದಲ್ಲಿ ಕೊಟ್ಟು ಪ್ರತಿಗೆ ಸಹಿ ಪಡೆಯಿರಿ. ಅಲ್ಲಿಗೂ ಆಗದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ, ಕರೆ ಉಚಿತ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೂ ದೂರು ಕೊಡಬಹುದು. ದುಡ್ಡು ಕೊಟ್ಟು ಪಡೆದ ಸೇವೆಯಾದ್ದರಿಂದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ, ಅಲ್ಲಿ ವಕೀಲರಿಲ್ಲದೆ ನೀವೇ ವಾದಿಸಬಹುದು. ಹೊಡೆದ ಗುರುತು, ಕಟ್ಟಿಹಾಕಿದ ಗುರುತು ಕಂಡರೆ ಇದಾವುದಕ್ಕೂ ಕಾಯದೆ 112ಕ್ಕೆ ಕರೆ ಮಾಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿ.

ಬೇರೆ ಕೇಂದ್ರಕ್ಕೆ ಬದಲಾಯಿಸುವುದೇ ಎಂದಾದರೆ ಹೊಸ ಜಾಗ ಗೊತ್ತಾಗುವವರೆಗೆ ಸುಳಿವು ಕೊಡಬೇಡಿ. ಹೊರಡುವ ದಿನ ಮಾತ್ರೆಯ ಚಾರ್ಟ್, ಕೊನೆಯ ಮೂರು ತಿಂಗಳ ಬಿಪಿ–ಶುಗರ್ ದಾಖಲೆ, ಡಾಕ್ಟರ ಟಿಪ್ಪಣಿ, ಗಾಯದ ಅಳತೆ, ಡಿಪಾಸಿಟ್ ರಸೀದಿ ಇವೆಲ್ಲದರ ಪ್ರತಿ ಕೈಯಲ್ಲಿರಲಿ. ಆದಷ್ಟು ಬೆಳಗಿನ ಹೊತ್ತೇ ಸಾಗಿಸಿ. ಮೊದಲ ರಾತ್ರಿ ಮನೆಯವರು ಯಾರಾದರೊಬ್ಬರು ಜೊತೆಗೆ ಉಳಿಯಲು ಹೊಸ ಕೇಂದ್ರದವರು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.